ಆಟದ ಗಣಕಕ್ಕೆ ವೇಗದ ಮೆಮೊರಿ ಬೇಕೆ?

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಮಾಡಿದ ಭಾಷಣ)



ದೀಪಾವಳಿಯ ಬೋನಸ್ಸು ಕೈಗೆ ಬಂದ ವಾರ, ಈ ವಾಚನಾಲಯಕ್ಕೆ ದಿನವೂ ಬರುವ ತರುಣ ಗೆಳೆಯರೊಬ್ಬರು ಅಂಗಡಿಯ ಚೀಟಿಯೊಂದನ್ನು ನಮ್ಮ ಮುಂದಿಟ್ಟರು. ಡಿ.ಡಿ.ಆರ್.5 ಮೆಮೊರಿ, ಅದಕ್ಕೆ ಹೊಂದುವ ಮದರ್‌ಬೋರ್ಡು, ಅದಕ್ಕೆ ತಕ್ಕ ಹೊಸ ಪ್ರೊಸೆಸರು. "ಆಟ ತಡವರಿಸುತ್ತದೆ ಸಾರ್. ವೇಗದ ಮೆಮೊರಿ ಹಾಕಿದರೆ ಸರಿಹೋಗುತ್ತದಂತೆ. ತೆಗೆದುಕೊಳ್ಳಲೇ?" ಎಂದರು. ಮಳೆಗೆ ಸೋರಿದ ಊರಿನ ಮನೆಗೆ ಹಂಚು ಹೊದಿಸಲು ಕಳಿಸಬೇಕಾಗಿದ್ದ ಹಣವೂ ಆ ಬೋನಸ್ಸಿನಲ್ಲೇ ಇತ್ತು. ಆದುದರಿಂದ ನಾವು ಇದನ್ನು ಹುಡುಗಾಟಿಕೆಯೆಂದು ತಳ್ಳಿಹಾಕದೆ, ಕಾಗದ ಪೆನ್ಸಿಲು ಹಿಡಿದು ಲೆಕ್ಕಕ್ಕೆ ಕುಳಿತೆವು.

ನಾವು ಎಂಜಿನಿಯರರಲ್ಲ, ಗಿರಣಿಯ ಗುಮಾಸ್ತರು. ನಮಗೆ ತಿಳಿದ ರೀತಿಯಲ್ಲೇ ಹೇಳುತ್ತೇವೆ. ಪ್ರೊಸೆಸರೆಂದರೆ ಮೇಜಿನ ಮುಂದೆ ಕುಳಿತ ಗುಮಾಸ್ತ. ಮೇಜಿನ ಮೇಲಿರುವ ಕಾಗದಗಳೇ ಕ್ಯಾಶೆ. ಬದಿಯ ಕಪಾಟು ಮೆಮೊರಿ. ನೆಲಮಾಳಿಗೆಯ ದಫ್ತರಖಾನೆ ಡಿಸ್ಕು. ಬೇಕಾದ ಕಡತ ಮೇಜಿನ ಮೇಲಿಲ್ಲದಾಗ ಮಾತ್ರ ಜವಾನ ಕಪಾಟಿಗೆ ಹೋಗಬೇಕು. ವೇಗದ ಮೆಮೊರಿ ಎಂದರೆ ಚುರುಕಾದ ಜವಾನ, ಅಷ್ಟೇ. ಮೇಜೇ ದೊಡ್ಡದಾಗಿದ್ದರೆ ಜವಾನನ ಚುರುಕಿಗೆ ಬೆಲೆ ಕಡಮೆ. 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಎಂಬ ಪ್ರೊಸೆಸರಿಗೆ 96 ಮೆಗಾಬೈಟ್ ಕ್ಯಾಶೆ ಕೊಟ್ಟಿದ್ದರು. ಅಂಥದಕ್ಕೆ ಮೆಮೊರಿಯ ವೇಗದಿಂದಾಗುವ ವ್ಯತ್ಯಾಸ ಅಲ್ಪ.

ಇನ್ನು ಡಬ್ಬಿಯ ಮೇಲಿನ ಅಂಕಿ. 3200 ಎಂದರೆ ಸೆಕೆಂಡಿಗೆ 320 ಕೋಟಿ ವರ್ಗಾವಣೆ. ಅಂಗಡಿಯವರು ಹೇಳುವುದು ಇದೊಂದನ್ನೇ. ಪಕ್ಕದಲ್ಲಿ ಸಿ.ಎಲ್. ಎಂಬ ಇನ್ನೊಂದು ಅಂಕಿಯಿರುತ್ತದೆ. ಕೇಳಿದ ಮೇಲೆ ಕಡತ ಸಿಗಲು ಎಷ್ಟು ಕಾಯಬೇಕೆಂಬುದರ ಗುರುತು ಅದು. ಸಿ.ಎಲ್. ಅನ್ನು 2000ದಿಂದ ಗುಣಿಸಿ ವೇಗದ ಅಂಕಿಯಿಂದ ಭಾಗಿಸಿರಿ, ಕಾಯುವ ಕಾಲ ನ್ಯಾನೋಸೆಕೆಂಡಿನಲ್ಲಿ ಬರುತ್ತದೆ. 3200 ಸಿ.ಎಲ್.16ಕ್ಕೆ 10. 3600 ಸಿ.ಎಲ್.18ಕ್ಕೂ 10! ಡಿ.ಡಿ.ಆರ್.5ರಲ್ಲಿ 6000 ಸಿ.ಎಲ್.30ಕ್ಕೆ ಮತ್ತೆ 10, 4800 ಸಿ.ಎಲ್.40ಕ್ಕಾದರೋ 16ರ ಮೇಲೆ. ಹೊಸ ಜವಾನ ಒಂದು ಸಲಕ್ಕೆ ಹೆಚ್ಚು ಕಡತ ಹೊತ್ತು ತರುತ್ತಾನೆ ನಿಜ, ಆದರೆ ಮೊದಲನೆಯ ಕಡತ ಬೇಗ ಬರುತ್ತದೆಂಬ ಭರವಸೆಯಿಲ್ಲ.

ಹಾಗಾದರೆ ವೇಗದಿಂದ ಲಾಭವೇ ಇಲ್ಲವೆ? ಇದೆ. ಬಲವಾದ ಗ್ರಾಫಿಕ್ಸ್ ಕಾರ್ಡು ಇದ್ದು, ಸೆಕೆಂಡಿಗೆ ನೂರಕ್ಕೂ ಮಿಕ್ಕಿ ಚಿತ್ರಗಳನ್ನು ಬಯಸುವವರಿಗೆ ಪ್ರೊಸೆಸರೇ ಹಿಂದೆ ಬೀಳುತ್ತದೆ. ಅಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಪರೀಕ್ಷೆ ಸುಲಭ. ಆಟದ ಸೆಟ್ಟಿಂಗಿನಲ್ಲಿ ರೆಸಲ್ಯೂಶನ್ ಇಳಿಸಿ ನೋಡಿರಿ. ಚಿತ್ರಗಳ ಸಂಖ್ಯೆ ಚೆನ್ನಾಗಿ ಏರಿತೋ, ಅಡ್ಡಿ ಇದ್ದುದು ಗ್ರಾಫಿಕ್ಸಿನಲ್ಲಿ. ಏರದಿದ್ದರೆ ಪ್ರೊಸೆಸರು ಮತ್ತು ಮೆಮೊರಿಯ ಕಡೆ ತಿರುಗಬೇಕು.

ನಮ್ಮ ಗೆಳೆಯರಲ್ಲಿ ರೆಸಲ್ಯೂಶನ್ ಇಳಿಸಿದೊಡನೆ ಸಂಖ್ಯೆ ಏರಿತು. ಆದರೆ ಅವರ ಯಂತ್ರದಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡೇ ಇಲ್ಲ! ಪ್ರೊಸೆಸರಿನೊಳಗಿನ ಗ್ರಾಫಿಕ್ಸಿನಲ್ಲೇ ಆಟ. ಇಲ್ಲಿ ಲೆಕ್ಕ ತಿರುಗುತ್ತದೆ. ಬೇರೆ ಕಾರ್ಡಿಗೆ ಅದರದೇ ಮೆಮೊರಿ ಇರುತ್ತದೆ. ಒಳಗಿನ ಗ್ರಾಫಿಕ್ಸು ಅದೇ ಕಪಾಟನ್ನು ಗುಮಾಸ್ತನೊಡನೆ ಹಂಚಿಕೊಳ್ಳಬೇಕು. ಮೆಮೊರಿಯ ವೇಗ ನಿಜವಾಗಿ ದಕ್ಕುವುದು ಇಂಥ ಬಡ ಯಂತ್ರಕ್ಕೇ. ಇದನ್ನು ಯಾವ ಜಾಹೀರಾತೂ ಹೇಳಿದ್ದನ್ನು ನಾವು ಕಾಣೆವು.

ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿಯ ಪುಟ ನೋಡಿದೆವು. ಎರಡು ಸ್ಲಾಟುಗಳಲ್ಲಿ ಒಂದೇ ತುಂಬಿತ್ತು, 8 ಜಿ.ಬಿ. ಇಬ್ಬರು ಜವಾನರ ಕೆಲಸ ಒಬ್ಬನ ತಲೆಯ ಮೇಲೆ. ಅದೂ ಡಿ.ಡಿ.ಆರ್.4ರ 3200ರ ಪಟ್ಟಿ ಹಚ್ಚಿದ ಕಡ್ಡಿ, ಓಡುತ್ತಿದ್ದುದು 2666ರಲ್ಲಿ! ಕೊಂಡ ದಿನದಿಂದಲೂ ಹೀಗೇ. ಬಯೋಸಿನಲ್ಲಿ ಎಕ್ಸ್.ಎಂ.ಪಿ. ಎಂಬುದನ್ನು ಆನ್ ಮಾಡಿದರೆ ಬರೆದ ವೇಗ ಬರುತ್ತದೆ, ಕಾಸು ಖರ್ಚಿಲ್ಲ. ಕೆಲವು ಅಗ್ಗದ ಬೋರ್ಡುಗಳು ಇದಕ್ಕೆ ಎಡೆಗೊಡುವುದಿಲ್ಲ, ಅವರದು ಕೊಟ್ಟಿತು. ಅದೇ ಜಾತಿಯ ಇನ್ನೊಂದು 8 ಜಿ.ಬಿ. ಕಡ್ಡಿ ಹಾಕಿದರೆ ಸೆಕೆಂಡಿಗೆ ಸಾಗಿಸುವ ಗರಿಷ್ಠ ಪ್ರಮಾಣ 25.6 ಗಿಗಾಬೈಟಿನಿಂದ 51.2ಕ್ಕೆ ಏರುತ್ತದೆ. ಚೀಟಿಯಲ್ಲಿದ್ದ ಡಿ.ಡಿ.ಆರ್.5 ಕಡ್ಡಿಯಾದರೋ ಆ ಬೋರ್ಡಿನಲ್ಲಿ ಕೂರುವುದೇ ಇಲ್ಲ, ಅದರ ಕಚ್ಚೇ ಬೇರೆ ಕಡೆ ಇದೆ. ಬೋರ್ಡು, ಪ್ರೊಸೆಸರು ಎಲ್ಲ ಚೀಟಿಗೆ ಸೇರಿದ್ದು ಅದಕ್ಕಾಗಿಯೇ.

2025ರ ಕೊನೆಯ ಹೊತ್ತಿಗೆ, ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಬೇಡಿಕೆ ಹೆಚ್ಚಿ, ಮೆಮೊರಿಯ ಬೆಲೆ ಹೇಗೆ ಏರಿತೆಂಬುದನ್ನು ತಾವು ಪತ್ರಿಕೆಗಳಲ್ಲಿ ಓದಿದ್ದೀರಿ. ಆದುದರಿಂದ ಆ ಒಂದು ಕಡ್ಡಿಯೂ ಅಗ್ಗವಾಗಲಿಲ್ಲ. ಆದರೂ ಚೀಟಿಯ ಮೊತ್ತದೆದುರು ಅದು ಏನೂ ಅಲ್ಲ. ಹಂಚಿನ ಹಣ ಮರುದಿನವೇ ಊರಿಗೆ ಹೋಯಿತು. ಆಟದ ತಡವರಿಕೆ ಪೂರ್ತಿ ನಿಲ್ಲಲಿಲ್ಲ, ಬಹಳಮಟ್ಟಿಗೆ ಕಡಮೆಯಾಯಿತು. ಗೆಳೆಯರು ಈಗ ಬೇರೆ ಕಾರ್ಡಿನ ಬೆಲೆ ವಿಚಾರಿಸುತ್ತಿದ್ದಾರೆ. ಆ ಲೆಕ್ಕಕ್ಕೆ ಇಂದು ವೇಳೆಯಿಲ್ಲ, ಅಧ್ಯಕ್ಷರು ಆಗಲೇ ಎರಡು ಸಲ ಗಡಿಯಾರ ನೋಡಿದರು.