ನೆತ್ತರುಗೊಡಗೆ



ರಣದಲ್ಲಿ ಮಡಿದ ವೀರನ ಹೊಗಳಿಕೆ ನಮ್ಮ ಸಾಹಿತ್ಯದಲ್ಲಿ ಹೇರಳವಾಗಿದೆ. ಸೂತಕ ಕಳೆದ ಮೇಲೆ ಅವನ ಮನೆಯವರು ಹೇಗೆ ಒಲೆ ಹೊತ್ತಿಸಿದರು, ಹೇಗೆ ಬದುಕಿದರು ಎಂಬ ಮಾತು ವಿರಳ. ಆ ಮನೆಯ ವಿಚಾರವಾಗಿ ನಾಲ್ಕು ಮಾತುಗಳನ್ನು ಇಂದು ಹೇಳಬೇಕೆಂದಿದ್ದೇನೆ.

ಕನ್ನಡ ನಾಡಿನ ಊರೂರಲ್ಲಿಯೂ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ; ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು; ಮೇಲೆ ಶಿವಸನ್ನಿಧಿ. ಈ ಶಿಲ್ಪವನ್ನು ಮೆಚ್ಚುವ ನಾವು ಅದರ ಮೇಲಿನ ಬರೆಹವನ್ನು ಓದುವುದು ಕಡಿಮೆ. ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿ ಅನೇಕ ಶಾಸನಗಳಲ್ಲಿದೆ. ಅಂತಹ ದತ್ತಿಗೆ ನೆತ್ತರುಗೊಡಗೆ ಎಂದು ಹೆಸರು. ಸತ್ತವನಿಗೆ ಸ್ವರ್ಗವನ್ನು ಕೊಟ್ಟ ಊರು ಉಳಿದವರಿಗೆ ಗದ್ದೆಯನ್ನೂ ಕೊಟ್ಟಿತು. ಹೆಸರು, ನೆಲೆ, ಅನ್ನ: ಈ ಮೂರನ್ನೂ ಆ ಕಲ್ಲು ಒಟ್ಟಿಗೆ ಕಾಪಾಡಿತು.

ಆದರೆ ಪಕ್ಕದಲ್ಲಿಯೇ ಕೆಲವೆಡೆ ನಿಂತಿರುವ ಮಾಸ್ತಿಕಲ್ಲನ್ನು ಮರೆತು ಆ ಕಾಲವನ್ನು ಕೊಂಡಾಡಲಾಗದು. ಬಳೆ ತೊಟ್ಟು ಮೇಲೆತ್ತಿದ ಆ ಕೈಯ ಒಡತಿಗೆ ದುಃಖವನ್ನು ಸಹಿಸಿ ಬಾಳುವ ಅವಕಾಶವೇ ಇರಲಿಲ್ಲ. ವಿಧವೆ ಹೇಗೆ ಬದುಕಬೇಕೆಂಬುದನ್ನು ಇತರರು ನಿರ್ಧರಿಸುವ ರೂಢಿ ನಮ್ಮ ಕಾಲಕ್ಕೂ ಬಂದಿತು. ಶೌರ್ಯಪ್ರಶಸ್ತಿಯ ಭತ್ಯೆ ಮರುಮದುವೆಯ ನಂತರವೂ ಸಲ್ಲಬೇಕಾದರೆ ಆಕೆ ಗಂಡನ ಸೋದರನನ್ನೇ ವರಿಸಿರಬೇಕೆಂಬ ನಿಯಮವಿತ್ತು. ಅದು ರದ್ದಾದದ್ದು 2017ರಲ್ಲಿ.

ಸಾವಿನ ಸುದ್ದಿಯೇ ಖಚಿತವಾಗಿ ತಿಳಿಯದ ಮನೆಯ ಪಾಡು ಇನ್ನೂ ಕಠಿನ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಿಮಾನನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗಶಾಲಿಯಾದ ಸ್ಟಾರ್‌ಫೈಟರನ್ನು ಅವರು ಹೊಡೆದುರುಳಿಸಿದ್ದರೆಂಬುದು ಹೊರಬಿದ್ದದ್ದು, 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕದಿಂದ. ಮರಣೋತ್ತರ ಮಹಾವೀರಚಕ್ರ ಅವರ ಪತ್ನಿಯ ಕೈಸೇರಿದ್ದು 1988ರಲ್ಲಿ. ನಡುವೆ ಕಳೆದದ್ದು ಇಪ್ಪತ್ತಮೂರು ವರ್ಷ.

1971ರ ಯುದ್ಧದಲ್ಲಿ ಕಾಣೆಯಾದ ಕೆಲವರ ಬಂಧುಗಳು 1983ರಲ್ಲೊಮ್ಮೆ, 2007ರಲ್ಲಿ ಮತ್ತೊಮ್ಮೆ ಪಾಕಿಸ್ತಾನದ ಸೆರೆಮನೆಗಳಿಗೆ ಹೋಗಿ ಹುಡುಕಿ ಬರಿಗೈಯಲ್ಲಿ ಮರಳಿದರು. ಇಂತಹವರಿಗೆ ತಿಥಿ ಮಾಡುವುದೂ ಅಪರಾಧವೆನಿಸುತ್ತದೆ, ಮಾಡದಿರುವುದೂ ಅಪರಾಧವೆನಿಸುತ್ತದೆ. 1999ರ ಕಾರ್ಗಿಲ್ ಯುದ್ಧದಲ್ಲಿ ಯೋಧರ ಪಾರ್ಥಿವ ಶರೀರಗಳು ಊರಿಗೆ ಬಂದಾಗ ಜನಸಾಗರವೇ ಸೇರಿತು. ಕೊನೆಯ ಬಾರಿ ಮುಖ ನೋಡಿ ಅಳುವ ಆ ಅವಕಾಶ ಸಣ್ಣದಲ್ಲ.

ಆದರೆ ಜನ ಚದುರಿದ ಮೇಲಿನ ದಿನಗಳು ದೀರ್ಘವಾದವು. ಪಿಂಚಣಿಯನ್ನು ಸರ್ಕಾರ ಕೊಟ್ಟೀತು. ಅದರ ಕಾಗದಪತ್ರಗಳಿಗೆ ಅಲೆಯುವಾಗ ಜೊತೆಗೊಬ್ಬರು ಬೇಕು. ನಾವು ಹುತಾತ್ಮನೆಂದು ಕರೆಯುವವನು ತಾಯಿಗೆ ಮಗ. ಅವನ ಬಾಲ್ಯದ ತುಂಟತನವನ್ನು ಆಕೆ ಹತ್ತನೆಯ ಸಲ ಹೇಳಿದರೂ ಕುಳಿತು ಕೇಳುವ ವ್ಯವಧಾನ ನೆರೆಹೊರೆಯವರಿಗೆ ಇರಬೇಕು. ಊರು ಇಂದಿಗೂ ಕೊಡಬಹುದಾದ ನೆತ್ತರುಗೊಡಗೆ ಅದು.