ಕಾರಿನ ಹೊಸ್ತಿಲು ಬಿಸಿಯಾದರೆ: ಸೈಲೆನ್ಸರ್ ಶಾಖ, ಡೋರ್ ಸಿಲ್ ಮತ್ತು ನಾವು

ಮಿಯಾಪುರದಿಂದ ಇನ್ನೊಂದು ಮಾತು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಮೆಟ್ರೋದಲ್ಲಿ ಕೂತು ಓದುವವರಿಗೆ ಎಂದಿನಂತೆ ಇದು ಅದರ ಬರಹ ರೂಪ. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಹಾಕಿದ್ದೇನೆ.

ಇವತ್ತಿನ ವಿಷಯ ನೋಡೋಕೆ ಚಿಕ್ಕದು. ಕಾರಿನ ಬಾಗಿಲು ತೆಗೆದು ಕಾಲಿಡುವಾಗ ಕೆಳಗೆ ಉದ್ದಕ್ಕೆ ಒಂದು ಪಟ್ಟಿ ಇರುತ್ತಲ್ಲ, ಕೆಲವು ಕಾರುಗಳಲ್ಲಿ ಅದರ ಮೇಲೆ ಮಾಡೆಲ್ ಹೆಸರು ಹೊಳೀತಾ ಇರುತ್ತೆ, ಅದೇ ಡೋರ್ ಸಿಲ್. ನಮ್ಮ ಮಾತಲ್ಲಿ ಕಾರಿನ ಹೊಸ್ತಿಲು. ಆ ಪಟ್ಟಿ ಉಬ್ಬಿದೆ, ಅಂಟು ಬಿಟ್ಟಿದೆ, ಒಂದು ಕಡೆ ಮಾತ್ರ ಬಣ್ಣ ಕಂದಿದೆ, ಇಳಿಯುವಾಗ ಕಾಲಿಗೆ ಚುರ್ ಅನ್ನುತ್ತೆ. ಇದಕ್ಕೆ ಏನು ಮಾಡೋದು? ಹೊಸ ಪಟ್ಟಿ ಹಾಕಿಸಿ ಸುಮ್ಮನಾಗಬಹುದಾ? ಆಗಲ್ಲ. ಯಾಕೆ ಅಂತ ನೋಡೋಣ.

ಈ ತೊಂದರೆಗೆ ಹೆಸರಾದ ಕಾರು ಡಾಡ್ಜ್ ವೈಪರ್. 1992ರಲ್ಲಿ ಬಂದ ಅಮೆರಿಕದ ಸ್ಪೋರ್ಟ್ಸ್ ಕಾರು, 8 ಲೀಟರಿನ 10 ಸಿಲಿಂಡರ್ ಎಂಜಿನ್. ಅದರ ಸೈಲೆನ್ಸರ್ ಪೈಪುಗಳು ಹಿಂದಕ್ಕೆ ಹೋಗದೆ, ಎರಡೂ ಕಡೆ ಬಾಗಿಲಿನ ಕೆಳಗೇ ಹಾದು ಹಿಂಚಕ್ರದ ಮುಂದೆ ಹೊರಬರುತ್ತಿದ್ದವು. ನೋಟ ಚೆಂದ, ಆದರೆ ಹೊಸ್ತಿಲು ಕಾದ ಹೆಂಚು. ಚಡ್ಡಿ ಹಾಕಿಕೊಂಡು ಇಳಿಯುವವರ ಮೀನಖಂಡ ಸುಡುತ್ತಿತ್ತು. ಸಿಲ್ ಬಿಸಿ ಇರುತ್ತೆ ಅಂತ ಕಂಪನಿಯೇ ಎಚ್ಚರಿಕೆ ಚೀಟಿ ಅಂಟಿಸಿತ್ತು. 1996ರಲ್ಲಿ ಪೈಪನ್ನು ಹಿಂದಕ್ಕೆ ಒಯ್ದರು, 2003ರ ಹೊಸ ಮಾಡೆಲಿನಲ್ಲಿ ಮತ್ತೆ ಪಕ್ಕಕ್ಕೇ ತಂದರು. ಶಾಖವೂ ಜೊತೆಗೇ ವಾಪಸ್ ಬಂತು.

ಮಿಯಾಪುರದಲ್ಲಿ ವೈಪರ್ ಯಾರ ಹತ್ರ ಇದೆ ಅಂತ ಕೇಳಬೇಡಿ. ನಮ್ಮ ಕಾರುಗಳಲ್ಲಿ ಪೈಪು ಸಾಮಾನ್ಯವಾಗಿ ನಡುವಿನ ಟನೆಲ್‌ನಲ್ಲಿ ಹಿಂದಕ್ಕೆ ಹೋಗುತ್ತೆ. ಹಾಗಾಗಿ ಸಿಲ್ ಅಷ್ಟು ಬಿಸಿಯಾಗಲೇಬಾರದು. ಆಗ್ತಿದೆ ಅಂದ್ರೆ ಎಲ್ಲೋ ಏನೋ ತಪ್ಪಿದೆ. ಸ್ಪೋರ್ಟ್ಸ್ ಕಾರಿನಲ್ಲಿ ಅದು ಡಿಸೈನ್, ನಮ್ಮ ಕಾರಿನಲ್ಲಿ ಅದು ಬಗ್.

ಮೊದಲು ಪ್ಲಾಸ್ಟಿಕ್ಕಿಗೆ ಏನಾಗುತ್ತೆ ನೋಡಿ. ಟ್ರಿಮ್‌ಗಳಲ್ಲಿ ಹೆಚ್ಚಾಗಿ ಬಳಸೋದು ಪಾಲಿಪ್ರೊಪಿಲೀನ್ ಅಥವಾ ಎಬಿಎಸ್. ಪಾಲಿಪ್ರೊಪಿಲೀನ್ ಕರಗೋದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಬಿಎಸ್ ಮೆತ್ತಗಾಗೋದು 105ರ ಆಸುಪಾಸಿನಲ್ಲಿ. ಆದರೆ ಕರಗುವ ತನಕ ಕಾಯಬೇಕಾಗಿಲ್ಲ. ಒಂದು ಮೀಟರ್ ಉದ್ದದ ಸಾದಾ ಪಾಲಿಪ್ರೊಪಿಲೀನ್ ಪಟ್ಟಿ 50 ಡಿಗ್ರಿ ಹೆಚ್ಚು ಬಿಸಿಯಾದರೆ 5 ಮಿಲಿಮೀಟರಿಗಿಂತ ಜಾಸ್ತಿ ಉದ್ದ ಆಗುತ್ತೆ. ಅದರ ಕೆಳಗಿನ ಉಕ್ಕು ಬೆಳೆಯೋದು ಅರ್ಧ ಮಿಲಿಮೀಟರಿಗೆ ಸ್ವಲ್ಪ ಮೇಲೆ, ಅಷ್ಟೇ. ಎರಡೂ ತುದಿ ಕ್ಲಿಪ್ಪಿನಲ್ಲಿ ಸಿಕ್ಕಿಬಿದ್ದಿರುವಾಗ ಮಿಕ್ಕ ಉದ್ದ ಎಲ್ಲಿಗೆ ಹೋಗಬೇಕು? ನಡುವೆ ಉಬ್ಬುತ್ತೆ, ಕ್ಲಿಪ್ ಕಿತ್ಕೊಂಡು ಬರುತ್ತೆ. ಹಾಗಾಗಿ ಉಬ್ಬಿದ ಪಟ್ಟಿ ಕರಗಿದೆ ಅಂತ ಅರ್ಥ ಅಲ್ಲ, ಪದೇ ಪದೇ ಹಿಗ್ಗಿ ಕುಗ್ಗಿ ಸೋತಿದೆ ಅಂತ ಅರ್ಥ.

ಆದರೆ ಆ ಶಾಖ ಸೈಲೆನ್ಸರಿನದೋ, ನಮ್ಮ ಹೈದರಾಬಾದಿನ ಏಪ್ರಿಲ್ ಬಿಸಿಲಿನದೋ? ಇದನ್ನ ಪತ್ತೆ ಮಾಡೋದು ನಾವು ದಿನಾ ಆಫೀಸಿನಲ್ಲಿ ಮಾಡೋ ಡಿಬಗ್ಗಿಂಗೇ. ಒಂದು ಸಲಕ್ಕೆ ಒಂದೇ ಅಂಶ ಬದಲಾಯಿಸಬೇಕು. ರಾತ್ರಿಯೆಲ್ಲ ಬೇಸ್‌ಮೆಂಟಿನಲ್ಲಿ ನಿಂತ ಕಾರನ್ನ ಬಿಸಿಲೇರುವ ಮುಂಚೆ ಅರ್ಧ ಗಂಟೆ ಓಡಿಸಿ ತಂದು ನಿಲ್ಲಿಸಿ. ಎಡ ಸಿಲ್, ಬಲ ಸಿಲ್ ಎರಡನ್ನೂ ಒಂದೇ ಜಾಗದಲ್ಲಿ ಅಳೆಯಿರಿ. ಎರಡೂ ಹೆಚ್ಚುಕಮ್ಮಿ ಸಮ, ಮುಟ್ಟಿದರೆ ತಣ್ಣಗೆ ಅಂದ್ರೆ ನಿಮ್ಮ ತೊಂದರೆ ಬಿಸಿಲಿನದು. ಒಂದೇ ಕಡೆ ಕಾದಿದ್ದರೆ ಕೆಳಗಿನದು. ಅಳೆಯೋಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು, ಕೋವಿಡ್ ಕಾಲದ ಹಣೆ ಥರ್ಮಾಮೀಟರ್ ಅಲ್ಲ, ಅದು ಜ್ವರದ ಮಟ್ಟಕ್ಕಷ್ಟೇ. ಹೊಳೆಯುವ ಸ್ಟೀಲ್ ಪಟ್ಟಿಯನ್ನ ನೇರವಾಗಿ ಅಳೆದರೆ ಅದು ತಪ್ಪಾಗಿ ಕಡಿಮೆ ತೋರಿಸುತ್ತೆ. ಮೇಲೆ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿನ ಮೇಲೆ ಅಳೆಯಿರಿ.

ಇನ್ನೊಂದು ವಿಷಯ. ಕಾರು ಓಡುವಾಗಿಗಿಂತ ನಿಂತ ಮೇಲೆ ನೆಲಭಾಗ ಹೆಚ್ಚು ಕಾಯಬಹುದು. ಓಡುವಾಗ ಕೆಳಗಿನ ಗಾಳಿ ಶಾಖವನ್ನ ಹೊತ್ತೊಯ್ಯುತ್ತೆ. ನಿಂತ ತಕ್ಷಣ ಗಾಳಿ ಬಂದ್, ಆದರೆ ಪೈಪು ಕಾದೇ ಇರುತ್ತೆ, ಆ ಶಾಖ ಮೇಲಕ್ಕೆ ಏರುತ್ತೆ. ನಮ್ಮಲ್ಲಿ ಬೀದರ್, ಕಲಬುರಗಿ ಕಡೆಯವರು ಶುಕ್ರವಾರ ರಾತ್ರಿ ಇದೇ ಮುಂಬೈ ಹೈವೇ ಹಿಡಿದು ಜಹೀರಾಬಾದ್ ದಾಟಿ ಊರಿಗೆ ಹೋಗ್ತೀರಿ. ಒಂದೂವರೆ ಗಂಟೆ ಜೋರಾಗಿ ಓಡಿಸಿ ಚಹಾಕ್ಕೆ ನಿಲ್ಲಿಸಿದಿರಿ ಅಂದ್ರೆ, ಅದೇ ಹೊತ್ತಲ್ಲಿ ಮಕ್ಕಳು ಬಾಗಿಲು ತೆಗೆದು ಇಳಿಯೋದು. 60 ಡಿಗ್ರಿಯ ಲೋಹ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತೆ, ಮಕ್ಕಳ ಚರ್ಮ ಇನ್ನೂ ಬೇಗ. ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್ ಬೇಡ, ಐಸ್ ಬೇಡ. ಬೈಕ್ ಸೈಲೆನ್ಸರ್ ತಾಗಿದಾಗಲೂ ಇದೇ. ಅಷ್ಟೇ ಅಲ್ಲ, ರಸ್ತೆ ಬದಿಯ ಒಣ ಹುಲ್ಲಿನ ಮೇಲೆ, ರಾಶಿ ಮಾಡಲು ಹಾಸಿದ ತೊಗರಿ ಕಟ್ಟಿಗೆ ಮೇಲೆ ಕಾದ ಕಾರು ನಿಲ್ಲಿಸಬೇಡಿ. ಬೆಂಕಿ ಹತ್ತುತ್ತೆ.

ಸರಿ, ಶಾಖ ಕೆಳಗಿನಿಂದ ಅಂತ ಗೊತ್ತಾಯ್ತು. ಯಾಕೆ? ಸಾಮಾನ್ಯವಾಗಿ ಸಿಗುವ ಕಾರಣ ನಾಲ್ಕು.

ಒಂದು, ರಬ್ಬರ್ ಹ್ಯಾಂಗರ್. ಸೈಲೆನ್ಸರ್ ಕಾರಿನ ಕೆಳಗೆ ರಬ್ಬರ್ ಬಳೆಗಳಲ್ಲಿ ತೂಗಾಡ್ತಾ ಇರುತ್ತೆ. ಒಂದು ಹರಿದರೆ ಪೈಪು ಪಕ್ಕಕ್ಕೆ ವಾಲುತ್ತೆ. ಸ್ಪೀಡ್ ಬ್ರೇಕರಿಗೋ ಅಪಾರ್ಟ್‌ಮೆಂಟ್ ರ‍್ಯಾಂಪಿಗೋ ತಾಗಿದರೂ ಪೈಪು ಮೇಲಕ್ಕೆ ಒತ್ತಿಕೊಳ್ಳುತ್ತೆ. ಇದು ಅಗ್ಗದ ರಿಪೇರಿ.

ಎರಡು, ಹೀಟ್ ಶೀಲ್ಡ್. ಪೈಪಿಗೂ ನೆಲಕ್ಕೂ ನಡುವೆ ಇರುವ ತೆಳು ಅಲ್ಯೂಮಿನಿಯಂ ತಗಡು. ಬೋಲ್ಟ್ ತುಕ್ಕು ಹಿಡಿದಾಗ ಗರಗರ ಸದ್ದು ಮಾಡುತ್ತೆ. ಸದ್ದು ನಿಲ್ಲಲಿ ಅಂತ ಕೆಲವು ಕಡೆ ಅದನ್ನೇ ಕಿತ್ತು ಬಿಸಾಕ್ತಾರೆ. ಅಲಾರಂ ಸದ್ದು ಮಾಡ್ತಿದೆ ಅಂತ ಅಲಾರಂ ಡಿಲೀಟ್ ಮಾಡಿದ ಹಾಗೆ. ದೊಡ್ಡ ವಾಷರ್ ಹಾಕಿ ಬಿಗಿಸಿದರೆ ಎಷ್ಟೋ ಸಲ ಮುಗಿಯುತ್ತೆ.

ಮೂರು, ಕ್ಯಾಟಲಿಟಿಕ್ ಕನ್ವರ್ಟರ್ ಮಿತಿಮೀರಿ ಕಾಯೋದು. ಸ್ಪಾರ್ಕ್ ಪ್ಲಗ್ ಅಥವಾ ಕಾಯಿಲ್ ಕೆಟ್ಟರೆ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತೆ. ಇಲ್ಲೊಂದು ಲೆಕ್ಕ ನೆನಪಿಡಿ: ಕಾದ ವಸ್ತು ಹೊರಸೂಸುವ ಶಾಖ ಅದರ ಕೆಲ್ವಿನ್ ತಾಪಮಾನದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತೆ. 300 ಡಿಗ್ರಿಯ ಪೈಪು 600 ಡಿಗ್ರಿ ಆದರೆ ಶಾಖ ಎರಡು ಪಟ್ಟಲ್ಲ, ಐದು ಪಟ್ಟಿಗೂ ಮೇಲೆ. ಚೆಕ್ ಎಂಜಿನ್ ದೀಪ ಮಿನುಗ್ತಾ ಇದ್ದರೆ ಆ ಕಾರನ್ನ ಹಾಗೇ ಗಚ್ಚಿಬೌಲಿ ತನಕ ಓಡಿಸಬೇಡಿ.

ನಾಲ್ಕು, ಪೈಪಿನಲ್ಲಿ ಸೋರಿಕೆ. ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಜಾಯಿಂಟ್ ಬಿಟ್ಟು ಬಿಸಿ ಹೊಗೆ ಸಿಲ್ ಕಡೆ ನುಗ್ಗಿದರೆ ಟ್ರಿಮ್ ಹಾಳಾಗೋದು ಸಣ್ಣ ನಷ್ಟ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನೆಲದ ರಬ್ಬರ್ ಬಿರಡೆ, ಬಾಗಿಲಿನ ಬೀಡಿಂಗ್ ಸವೆದಿದ್ದರೆ ಒಳಗೆ ಬರುತ್ತೆ. ತಲೆನೋವು, ಹೊಟ್ಟೆ ತೊಳಸುವಿಕೆ, ತೂಕಡಿಕೆ, ಇವನ್ನ ನಾವು ಟ್ರಾಫಿಕ್ ಸುಸ್ತು ಅಂದುಕೊಳ್ತೀವಿ. ಕಾರಲ್ಲಿ ಕೂತಾಗ ಎಲ್ಲರಿಗೂ ತಲೆ ನೋಯುತ್ತೆ, ಇಳಿದ ಮೇಲೆ ಕಡಿಮೆಯಾಗುತ್ತೆ ಅಂತಾದರೆ ಕಿಟಕಿ ಇಳಿಸಿ, ಗಾಡಿ ನಿಲ್ಲಿಸಿ, ಹೊರಗೆ ಬನ್ನಿ. ಸೋರಿಕೆ ಸರಿಹೋಗುವ ತನಕ ಆ ಕಾರಲ್ಲಿ ಮಕ್ಕಳನ್ನ ಕೂರಿಸಬೇಡಿ. ಎಸಿ ಹಾಕಿ ನಿಂತ ಕಾರಲ್ಲಿ ಮಲಗೋದಂತೂ ಯಾವ ಕಾರಲ್ಲೂ ಬೇಡ.

ಕಾರಣ ಸರಿ ಮಾಡಿದ ಮೇಲೆ ಟ್ರಿಮ್ ವಿಚಾರ. ಉಬ್ಬಿದ ಪಟ್ಟಿಯನ್ನ ಹೀಟ್ ಗನ್ನಿನಿಂದ ನೇರ ಮಾಡೋ ವಿಡಿಯೋ ನೋಡಿರ್ತೀರಿ. ಸ್ವಲ್ಪ ಬಾಗಿದ್ದರೆ ಸರಿ, ಕ್ಲಿಪ್ಪಿನ ತೂತು ಹಿಗ್ಗಿದ್ದರೆ ಹೊಸದೇ ಹಾಕಿಸಿ. ಕೆಳಭಾಗಕ್ಕೆ ಹೆಚ್ಚುವರಿ ರಕ್ಷಣೆ ಬೇಕಿದ್ದರೆ ಅಲ್ಯೂಮಿನಿಯಂ ಮುಖದ ಹೀಟ್ ಶೀಲ್ಡ್ ಹಾಳೆ ಸಿಗುತ್ತೆ. ಹೊಳೆಯುವ ಮುಖ ಪೈಪಿನ ಕಡೆ ಇರಬೇಕು, ನಡುವೆ ಗಾಳಿಯಾಡಲು ಜಾಗ ಇರಬೇಕು. ಪೈಪಿಗೇ ತಾಗಿದರೆ ತಗಡು ಶಾಖವನ್ನ ತಡೆಯಲ್ಲ, ಸಾಗಿಸುತ್ತೆ. ಪೈಪಿಗೆ ಪಟ್ಟಿ ಸುತ್ತೋದು ಇನ್ನೊಂದು ದಾರಿ, ಆದರೆ ಮಳೆಗಾಲದಲ್ಲಿ ಅದು ನೀರು ಹಿಡಿದಿಟ್ಟು ಪೈಪು ತುಕ್ಕು ಹಿಡಿಯುತ್ತೆ. ಅಂಡರ್‌ಬಾಡಿ ಕೋಟಿಂಗ್ ಮಾಡಿಸುವಾಗ ಪೈಪಿಗೂ ಶೀಲ್ಡಿಗೂ ಅದನ್ನ ಹೊಡೆಯದಂತೆ ಹೇಳಿ. ಮತ್ತೆ, ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತೂರಬೇಡಿ. ವರ್ಕ್‌ಶಾಪಿನ ಲಿಫ್ಟಿನಲ್ಲಿ ಎತ್ತಿಸಿ, ಜೊತೆಗೆ ನಿಂತು ನೋಡಿ.

ಸದ್ದಿಗಾಗಿ ಕನ್ವರ್ಟರ್ ತೆಗೆಸಿ ಸೈಲೆನ್ಸರ್ ಬದಲಾಯಿಸೋ ಹುಡುಗರಿಗೆ ಒಂದು ಮಾತು. ಶಾಖ, ಹೊಗೆ ಬಿಡಿ, ಶಬ್ದ ಮತ್ತು ಮಾಲಿನ್ಯದ ನಿಯಮ ಮುರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಪ್ರಕಾರ 10,000 ರೂಪಾಯಿ ತನಕ ದಂಡ ಇದೆ, ಜೈಲೂ ಆಗಬಹುದು. ಅಂಥ ಕಾರನ್ನ ಸೆಕೆಂಡ್ ಹ್ಯಾಂಡಲ್ಲಿ ಕೊಳ್ಳುವವರಂತೂ ಬಾಗಿಲು ತೆಗೆದ ಕೂಡಲೇ ಎರಡೂ ಹೊಸ್ತಿಲು ನೋಡಿ. ಒಂದು ಕಡೆ ಪಟ್ಟಿ ಹೊಸದು, ಇನ್ನೊಂದು ಕಡೆ ಹಳೆಯದು ಅಂದ್ರೆ ಯಾಕೆ ಅಂತ ಕೇಳಿ, ಲಿಫ್ಟ್ ಮೇಲೆ ಹಾಕಿಸದೆ ಅಡ್ವಾನ್ಸ್ ಕೊಡಬೇಡಿ.

ಈ ವಾರ ಕಾರು ನಿಲ್ಲಿಸಿದಾಗ ಎರಡೂ ಸಿಲ್ ಅಳೆದು ನೋಡಿ. ಎಡ ಬಲ ವ್ಯತ್ಯಾಸ ಕಂಡರೆ ಕಾರಿನ ಹೆಸರು, ಎಷ್ಟು ದೂರ ಓಡಿದೆ, ಎರಡೂ ಕಡೆಯ ಡಿಗ್ರಿ ಬರೆದು ಕಳಿಸಿ, ಮುಂದಿನ ಮಾತಿನಲ್ಲಿ ಅವನ್ನೇ ಇಟ್ಟುಕೊಂಡು ಚರ್ಚೆ ಮಾಡೋಣ.