ಟ್ಯಾಂಕಿನ ತಳದ ನೀರು

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಕಾರವಾರದ ಬೈತಖೋಲ, ಅಂಕೋಲಾದ ಬೇಲೆಕೇರಿಗಳಲ್ಲಿ ಯಾಂತ್ರೀಕೃತ ದೋಣಿಗಳಿಗೆ ವಿಶ್ರಾಂತಿ. ಆದರೆ ಅರ್ಧ ಖಾಲಿಯಾದ ಡೀಸೆಲ್ ಟ್ಯಾಂಕಿಗೆ ಆ 61 ದಿನ ವಿಶ್ರಾಂತಿಯಿಲ್ಲ. ಮಳೆಗಾಲದ ತೇವದ ಗಾಳಿ ಒಳಹೊಕ್ಕು, ತಂಪಿಗೆ ಹನಿಗಟ್ಟುತ್ತದೆ. ನೀರು ಡೀಸೆಲಿಗಿಂತ ಭಾರ, ತಳ ಸೇರುತ್ತದೆ.

ಅದರಿಂದೇನು ಎನ್ನುವಿರಾ? ಇಂಜೆಕ್ಷನ್ ಪಂಪಿನಲ್ಲಿ ಬ್ಯಾರೆಲ್ ಎಂಬ ಉಕ್ಕಿನ ಕೊಳವೆ, ಅದರೊಳಗೆ ಮೇಲೆ ಕೆಳಗೆ ಆಡುವ ಪ್ಲಂಜರ್ ಇರುತ್ತವೆ. ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡು-ಮೂರು ಭಾಗ; ತಲೆಗೂದಲು ಅದರ ಇಪ್ಪತ್ತು ಪಟ್ಟು ದಪ್ಪವಾದೀತು! 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ (2008ರಿಂದ ಬಾಷ್ ಲಿಮಿಟೆಡ್) ಹೆಸರು ಗಳಿಸಿದ್ದು ಇಂಥ ನಾಜೂಕು ಕೆಲಸದಿಂದಲೇ. ಆ ಸಂದಿನಲ್ಲಿ ರಬ್ಬರ್ ವಾಷರ್ ಇಲ್ಲ. ಜಾರಲು ಬೇಕಾದ ಎಣ್ಣೆಯೂ ಡೀಸೆಲ್ಲೇ. ನೀರು ಹೊಕ್ಕರೆ ಲೋಹ ಲೋಹವನ್ನು ತಿಕ್ಕುತ್ತದೆ, ತುಕ್ಕು ಹಿಡಿಯುತ್ತದೆ. ಪ್ಲಂಜರ್ ಸಿಕ್ಕಿಕೊಂಡಿತೋ, ಎಂಜಿನ್ ನಿಂತಂತೆಯೇ. ಅದು ನಿಲ್ಲುವುದು ದಕ್ಕೆಯಲ್ಲೇ ಆಗಿರಬೇಕೆಂದಿಲ್ಲ, ನಡುಗಡಲಿನಲ್ಲೂ ಆದೀತು.

ದೋಣಿ ಕಟ್ಟುವ ಮುನ್ನ ಟ್ಯಾಂಕ್ ತುಂಬಿಸಿಡಿ. ದುಬಾರಿ ನಿಜ, ಪಂಪು ಇನ್ನೂ ದುಬಾರಿ. ಆಗಸ್ಟಿನಲ್ಲಿ ಎಂಜಿನ್ ಚಾಲೂ ಮಾಡುವ ಮೊದಲು ತಳದ ತಿರುಪು ಬಿಚ್ಚಿ, ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ನೋಡಿ. ಅಡಿಯಲ್ಲಿ ಬೇರೆ ಪದರ ಕಂಡರೆ, ಬರೀ ಡೀಸೆಲ್ ಬರುವ ತನಕ ಹರಿಯಬಿಡಿ, ಸಮುದ್ರಕ್ಕಲ್ಲ, ಡಬ್ಬಕ್ಕೆ.